ಏಳನೇ ಸೆಲ್ ಹೋಗ್ಯದ ಅಂತ ಮೀಟರ್ ತೋರಿಸಿದ್ರ: ಎಲೆಕ್ಟ್ರಿಕ್ ಬೈಕಿಗೆ ಅಗ್ಗದ ಸೆಲ್ ಮಾನಿಟರ್ ಹಚ್ಚಿದ ಮ್ಯಾಲ ದೋಷ ಹುಡುಕೋದು

ಗಾಡಿ ಸಪಾಟ ರೋಡಿನಾಗ ಚೊಲೊ ಓಡ್ತದ, ಡಿಸ್‌ಪ್ಲೇದಾಗ ಚಾರ್ಜ್ ಇನ್ನಾ 40 ಪರ್ಸೆಂಟ್ ಅದ ಅಂತ ತೋರಸ್ತದ, ರೈಲ್ವೆ ಓವರ್ ಬ್ರಿಡ್ಜ್ ಏರೋ ಹೊತ್ತಿಗೆ ಎಕ್ಸಲೇಟರ್ ಪೂರಾ ತಿರುವಿದ್ರ ಧಪ್ ಅಂತ ಬಂದ್. ಚಾವಿ ಆಫ್ ಮಾಡಿ ಆನ್ ಮಾಡಿದ್ರ ಮತ್ತ ಚಾಲೂ. ಇಲ್ಲಾಂದ್ರ ಇನ್ನೊಂದು ತಕರಾರು, ರಾತ್ರಿ ಚಾರ್ಜಿಗೆ ಹಚ್ಚಿದ್ರ ತಾಸೆರಡು ತಾಸಿನಾಗೇ ಚಾರ್ಜರ್ ಹಸಿರು ಲೈಟ್ ತೋರಸ್ತದ, ಬೆಳಿಗ್ಗಿ ನೋಡಿದ್ರ ಗಾಡಿ ದಿನಾ ಹೋಗೋದರ ಅರ್ಧ ದೂರ ಸೈತ ಹೋಗಂಗಿಲ್ಲ. ಕಲಬುರಗಿ ಕಡಿ ವಾರಂಟಿ ಮುಗಿದ ಎಲೆಕ್ಟ್ರಿಕ್ ಬೈಕ್ ಇಟ್ಕೊಂಡೋರು ಹೇಳೋದು ಬಹುತೇಕ ಈ ಎರಡೇ. ಎರಡರ ಹಿಂದೂ ಇರೋ ಪ್ರಶ್ನಿ ಒಂದೇ, ಪ್ಯಾಕಿನೊಳಗ ಯಾವ ಸೆಲ್ ಉಳಿದವುಗಳ ಜೋಡಿ ನಡೀಲಾಕತ್ತಿಲ್ಲ.

ಅದನ್ನ ನೋಡ್ಲಾಕ ಒಂದೊಂದು ಸೆಲ್ಲಿನ ವೋಲ್ಟೇಜ್ ತೋರಿಸೋ ಅಗ್ಗದ ಮಾನಿಟರ್ ಈಗ ಭಾಳ ಸಿಗ್ತಾವ. ಆದ್ರ ಅಗ್ಗದ ಮಾನಿಟರ್ ಹಚ್ಚಿದ ಮ್ಯಾಲ ಹೊಸ ತಲಿಬ್ಯಾನಿ ಶುರು, ಅದು ತೋರಿಸೋ ನಂಬರ್ ಸೆಲ್ಲಿಂದೋ, ವಾಯರಿಂದೋ, ನಟ್ಟಿಂದೋ, ಮಾನಿಟರ್ ತನ್ನದೋ ಗೊತ್ತಾಗಂಗಿಲ್ಲ. ನಾ ನೋಡಿದ ಮಟ್ಟಿಗೆ ಮಂದಿ ಮೊದಲ ಸೆಲ್ ಮ್ಯಾಲ ಅನುಮಾನ ಮಾಡ್ತಾರ, ಹೊಸ ಸೆಲ್ ತರಿಸ್ತಾರ, ಹಾಕ್ತಾರ, ಮತ್ತ ಅದೇ ಏಳನೇ ನಂಬರ್ ಕಡಿಮಿ ತೋರಸ್ತದ. ಸೆಲ್ ಮ್ಯಾಲ ಅನುಮಾನ ಕೊನಿಗೆ ಬರಬೇಕು. ಮೊದಲ ವಾಯರ್, ಆಮ್ಯಾಲ ನಟ್, ಆಮ್ಯಾಲ ಮಾನಿಟರ್, ಇವು ಮೂರೂ ಸುಳ್ಳು ಹೇಳ್ಲಾಕತ್ತಿಲ್ಲ ಅಂತ ಖಾತ್ರಿ ಆದ ಮ್ಯಾಲ ಸೆಲ್.

ಇಲ್ಲಿ ಎಲ್ಲಾ ಲೆಕ್ಕ 16 ಸೆಲ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕಿಂದು, ಅಂದ್ರ 48 ವೋಲ್ಟ್ ಅಂತ ಕರಿತಾರಲ್ಲ ಅದು, ಖರೆ ನೋಡಿದ್ರ 51.2 ವೋಲ್ಟ್. ಒಂದು ಸೆಲ್ 3.2 ವೋಲ್ಟ್, ಫುಲ್ ಅಂದ್ರ 3.65, ಖಾಲಿ ಅಂದ್ರ 2.5, ಚಾರ್ಜರ್ 58.4. ನಿಮ್ಮದು ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಇದ್ರ ಫುಲ್ 4.2 ಆಗ್ತದ, ಖಾಲಿ 3 ಹತ್ರ, ಹುಡುಕೋ ರೀತಿ ಮಾತ್ರ ಇದೇ. ವಾರಂಟಿ ಇನ್ನಾ ಇರೋ ಬಾಕ್ಸ್ ಬಿಚ್ಚಬ್ಯಾಡ್ರಿ, ಸೀಲ್ ಹರಿದಿದ್ರ ಆಮ್ಯಾಲ ಯಾರೂ ಕೇಳಂಗಿಲ್ಲ.

ಗಾಡಿ ಯಾಕ ನಿಲ್ತದ

16 ಸೆಲ್ ಸಾಲಾಗಿ ಜೋಡಿಸಿರ್ತಾರ, ಎಲ್ಲದರೊಳಗೂ ಹರಿಯೋ ಕರೆಂಟ್ ಒಂದೇ. 15 ಸೆಲ್ 3.2 ಇದ್ದು ಒಂದೇ ಒಂದು 2.4ಕ್ಕ ಇಳೀತು ಅಂತ ತಿಳ್ಕೋರಿ, ಒಟ್ಟು 50.4 ವೋಲ್ಟ್ ಆಯ್ತು. ಗಾಡಿಯ ಡಿಸ್‌ಪ್ಲೇ ಒಟ್ಟು ವೋಲ್ಟೇಜ್ ನೋಡಿ ಚಾರ್ಜ್ ಹೇಳೋ ತರದ್ದಾದ್ರ ಅದಕ ಇದು ಸರೀನೇ ಕಾಣಸ್ತದ. ಬಿಎಂಎಸ್ (ಪ್ಯಾಕಿನೊಳಗ ಬ್ಯಾಟರಿ ಕಾಯೋ ಬೋರ್ಡ್) ಮಾತ್ರ ಒಂದೊಂದು ಸೆಲ್ ನೋಡ್ತದ, ಒಂದು 2.5ರ ಕೆಳಗ ಹೋದ ಕೂಡ್ಲೇ ಪೂರಾ ಪ್ಯಾಕ್ ಬಂದ್ ಮಾಡ್ತದ. ಚಾರ್ಜ್ ಆಗೋವಾಗೂ ಇದೇ ಕಥಿ, ಒಂದು ಸೆಲ್ ಮುಂಚೆನೇ ತುಂಬಿ ಮಿತಿ ಮುಟ್ಟಿದ್ರ ಉಳಿದ 15 ಇನ್ನಾ 3.4ದಾಗ ಇದ್ರೂ ಚಾರ್ಜಿಂಗ್ ಕಟ್. ಅಂದ್ರ ಬಿಎಂಎಸ್ ತನ್ನ ಕೆಲಸ ಮಾಡ್ಲಾಕತ್ತದ. ಬಿಎಂಎಸ್ ಬೈಪಾಸ್ ಮಾಡಿ ಓಡಿಸ್ರಿ ಅಂತ ಸಲಹಾ ಕೊಡೋರು ಇರ್ತಾರ, ಅವರ ಮಾತು ಕೇಳಬ್ಯಾಡ್ರಿ. ಸೆಲ್ 2 ವೋಲ್ಟಿನ ಕೆಳಗ ಭಾಳ ಹೊತ್ತು ಇದ್ರ ಒಳಗಿನ ತಾಮ್ರ ಕರಗ್ಲಾಕ ಸಾಧ್ಯ ಅದ, ಆಮ್ಯಾಲ ಚಾರ್ಜ್ ಮಾಡಿದ್ರ ಒಳಗೇ ಶಾರ್ಟ್ ಆಗೋ ಅಪಾಯ.

ಅಗ್ಗದಾಗ ಏನೇನು ಹಚ್ಚಬಹುದು

ಎಲ್ಲಕ್ಕಿಂತ ಸರಳ ಅಂದ್ರ ಆಟಿಗಿ ವಿಮಾನ, ಡ್ರೋನ್ ಹಾರಿಸೋರು ಬಳಸೋ ಲೈಪೊ ಅಲಾರ್ಮ್. ಬೆರಳಿನಷ್ಟು ಬೋರ್ಡ್, 8 ಸೆಲ್ ತನಕ ಒಂದೊಂದಾಗಿ ತೋರಸ್ತದ, ಸೆಟ್ ಮಾಡಿದ ವೋಲ್ಟೇಜಿನ ಕೆಳಗ ಹೋದ್ರ ಕಿವಿ ಕಿತ್ತು ಬರೋಹಂಗ ಕೂಗ್ತದ. ಎರಡು ತಗೊಂಡ್ರ 16 ಸೆಲ್ ಆಯ್ತು. ಎಲ್‌ಎಫ್‌ಪಿಗೆ ಅಲಾರ್ಮ್ 2.8ಕ್ಕ ಇಡ್ರಿ. ಎರಡನೇ ಬೋರ್ಡಿನ ಮೈನಸ್ ಅಂದ್ರ ಎಂಟನೇ ಸೆಲ್ಲಿನ ಪ್ಲಸ್ ಅನ್ನೋದು ಮರೀಬ್ಯಾಡ್ರಿ, ಎರಡೂ ಬೋರ್ಡಿನ ಮೈನಸ್ ಸೇರಿಸಿಬಿಟ್ರ ಎಂಟು ಸೆಲ್ ಶಾರ್ಟ್. ಇನ್ನೊಂದು, ಎಂಟು ಮತ್ತ ಒಂಬತ್ತರ ನಡುವಿನ ಜಾಗದಿಂದ ಎರಡು ಬೋರ್ಡಿಗೂ ಒಂದೇ ವಾಯರ್ ತರಬ್ಯಾಡ್ರಿ, ಬ್ಯಾರೆ ಬ್ಯಾರೆ ಎಳೀರಿ. ಮ್ಯಾಲಿನ ಬೋರ್ಡ್ ಕುಡಿಯೋ ಕರೆಂಟ್ ಆ ಒಂದೇ ವಾಯರಿನಾಗ ಹರಿದು ಎಂಟನೇದು ಜಾಸ್ತಿ, ಒಂಬತ್ತನೇದು ಕಡಿಮಿ ಅಂತ ಸುಳ್ಳು ತೋರಸ್ತದ.

ಎರಡನೇದು ಆರ್ಡುಯಿನೊ ನ್ಯಾನೊ ಅನ್ನೋ ಪ್ರೋಗ್ರಾಮ್ ಹಾಕೋ ಸಣ್ಣ ಬೋರ್ಡ್, ಪ್ರತಿ ಸೆಲ್ಲಿಗೆ ವೋಲ್ಟೇಜ್ ಭಾಗಿಸಿ ಇಳಿಸೋ ಎರಡು ರೆಸಿಸ್ಟರಿನ ಡಿವೈಡರ್. ಇದರ ಬಗ್ಗೆ ಕೆಳಗ ಉದ್ದಕ ಹೇಳ್ತೀನಿ, ಯಾಕಂದ್ರ ಸುಳ್ಳು ಹೆಚ್ಚು ಹುಟ್ಟೋದು ಇಲ್ಲೇ. ಮೂರನೇದು ವೋಲ್ಟೇಜ್ ಮಿತಿ ನೋಡೋ ಟಿಎಲ್431 ಚಿಪ್ ಮತ್ತ ಬೆಳಕಿನಿಂದ ಸಿಗ್ನಲ್ ದಾಟಿಸೋ ಪಿಸಿ817 ಆಪ್ಟೊಕಪ್ಲರ್ ಸೇರಿಸಿ ಸೆಲ್ಲಿಗೊಂದು ಸಣ್ಣ ಸರ್ಕ್ಯೂಟ್, ನಂಬರ್ ತೋರ್ಸಂಗಿಲ್ಲ, ಸೆಲ್ ಮಿತಿ ದಾಟ್ಯದೋ ಇಲ್ಲೋ ಅಷ್ಟೇ ಹೇಳ್ತದ, ಆದ್ರ ಎಲ್ಲಾ ಸೆಲ್ಲಿನ ಗ್ರೌಂಡ್ ಬ್ಯಾರೆ ಬ್ಯಾರೆ ಉಳೀತಾವ. ಬ್ಲೂಟೂತ್ ಇರೋ ಸ್ಮಾರ್ಟ್ ಬಿಎಂಎಸ್ ಹಾಕ್ಲಾಕ ರೊಕ್ಕ ಇದ್ರ ಅದೇ ಚೊಲೊ, ಆದ್ರ ಅದರೊಳಗಿನ ನಂಬರಿಗೂ ಮುಂದ ಹೇಳೋ ವಾಯರ್ ನಟ್ ಪರೀಕ್ಷಾ ಎಲ್ಲಾ ಬೇಕೇ ಬೇಕು.

ಕೈ ಹಾಕೋ ಮುಂಚೆ

58 ವೋಲ್ಟ್ ಡಿಸಿ ಬೆವತ ಕೈಗೆ ಹೊಡೀತದ, ಮೇ ತಿಂಗಳ ಕಲಬುರಗಿಯೊಳಗ ಯಾರ ಕೈ ಒಣಗಿರ್ತದ ಹೇಳ್ರಿ. ಅದಕ್ಕಿಂತ ಅಪಾಯ ಅಂದ್ರ ಪಾನಾ ಎರಡು ಟರ್ಮಿನಲ್ ನಡುವ ಬೀಳೋದು, ನೂರಾರು ಆಂಪಿಯರ್ ಹರಿದು ಲೋಹ ಕರಗಿ ಸಿಡೀತದ. ಪಾನಾಕ್ಕ ತುದಿ ಬಿಟ್ಟು ಪೂರಾ ಇನ್ಸುಲೇಷನ್ ಟೇಪ್ ಸುತ್ರಿ, ಉಂಗುರ, ಕಡಗ, ಗಡಿಯಾರ, ಕೊಳ್ಳಾಗಿನ ಚೈನ್ ತಗದಿಡ್ರಿ. ಗಾಡಿ ನೆರಳಾಗ ನಿಲ್ಲಿಸಿ ಒಂದೆರಡು ತಾಸು ಬಿಡ್ರಿ. ಎಷ್ಟೋ ಸೆಲ್ಲಿನ ಡೇಟಾಶೀಟಿನಾಗ 45 ಡಿಗ್ರಿ ಮ್ಯಾಲ ಚಾರ್ಜ್ ಮಾಡಬ್ಯಾಡ ಅಂತ ಇರ್ತದ, ಬಿಸಲಾಗ ನಿಂತ ಗಾಡಿಯ ಬಾಕ್ಸ್ ಅಷ್ಟನ್ನ ಸಲೀಸಾಗಿ ದಾಟ್ತದ.

ಪ್ರತಿ ಸೆನ್ಸ್ ವಾಯರಿಗೂ, ಅಂದ್ರ ಸೆಲ್ಲಿನಿಂದ ಮಾನಿಟರಿಗೆ ಬರೋ ತೆಳು ವಾಯರಿಗೆ, ಸೆಲ್ಲಿನ ಕಡಿ ತುದಿಗೇ ರಕ್ಷಣಾ ಇರಬೇಕು, ಅಲಾರ್ಮಿನ ವಾಯರಿಗೆ ಒಂದು ಆಂಪಿಯರಿನ ಸಣ್ಣ ಫ್ಯೂಸ್, ಆರ್ಡುಯಿನೊ ಡಿವೈಡರಿನ ವಾಯರಿಗೆ ಒಂದು ಕಿಲೋ ಓಮ್ ರೆಸಿಸ್ಟರ್ ಆದ್ರೂ ನಡೀತದ. ಬೈಕ್ ಅಂದ್ರ ಅಲುಗಾಡೋದೇ ಅದರ ಕೆಲಸ, ತೆಳು ವಾಯರ್ ಬಾಕ್ಸಿನ ತಗಡಿಗೆ ತಿಕ್ಕಿ ತಿಕ್ಕಿ ಹರೀತದ, ಫ್ಯೂಸ್ ಇಲ್ಲದಿದ್ರ ಆ ವಾಯರೇ ಹೀಟರ್.

ಕನೆಕ್ಟರ್ ಮಾನಿಟರಿಗೆ ಚುಚ್ಚೋ ಮುಂಚೆ ಮಲ್ಟಿಮೀಟರಿನ ಕಪ್ಪು ಪ್ರೋಬ್ ಮೊದಲ ಪಿನ್ನಿಗೆ ಇಟ್ಟು ಕೆಂಪು ಒಂದೊಂದೇ ಪಿನ್ ಮುಂದ ಸರಿಸಿ ನೋಡ್ರಿ, 3.3, 6.6, 9.9 ಹಿಂಗ ಮೆಟ್ಟಿಲು ಏರಿದಂಗ ಏರಬೇಕು. ಎಲ್ಲೋ ಒಮ್ಮೆ ಏರೋ ಬದಲಿ ಇಳೀತು ಅಂದ್ರ ಎರಡು ವಾಯರ್ ಅದಲಿ ಬದಲಿ ಆಗ್ಯಾವ. ಹಂಗೇ ಚುಚ್ಚಿದ್ರ ಬೋರ್ಡ್ ಹೊಗಿ.

ಮಲ್ಟಿಮೀಟರ್ ಬಗ್ಗೆ ಒಂದು ಮಾತು. ಹಳದಿ ಬಣ್ಣದ ಅಗ್ಗದ ಮೀಟರ್ 20 ವೋಲ್ಟ್ ರೇಂಜಿನಾಗ 10 ಮಿಲಿವೋಲ್ಟಿಗಿಂತ ಸಣ್ಣದು ತೋರ್ಸಂಗಿಲ್ಲ, ಅದರೊಳಗಿನ 9 ವೋಲ್ಟ್ ಬ್ಯಾಟರಿ ಇಳಿದಿದ್ರ ಇದ್ದದ್ದಕ್ಕಿಂತ ಜಾಸ್ತಿ ತೋರಸ್ತದ. ಎಲ್ಲಾ ಸೆಲ್ ಒಂದೇ ಮೀಟರಿನಾಗ, ಒಂದೇ ಕೂತಾಗ ಅಳೀರಿ, ನಮಗ ಬೇಕಾಗಿದ್ದು ಒಂದಕ್ಕೊಂದು ಫರಕು.

ಪಕ್ಕದ ಸೆಲ್ ನೋಡ್ರಿ

ನಮ್ಮ ಅಳಿಯ ಫೋನ್ ಹಚ್ಚಿ, "ಮಾಮಾ, ಏಳನೇ ಸೆಲ್ ಸತ್ತದ, 2.9 ತೋರಸ್ಲಾಕತ್ತದ, ಹೊಸದು ತರಸ್ಲೇನು?" ಅಂದ.

"ಎಂಟನೇದು ಎಷ್ಟದ ಹೇಳೋ ಮೊದಲ."

"ಅದು ಭಾರಿ ಅದ ಮಾಮಾ, 3.7."

ಇಷ್ಟು ಕೇಳಿದ್ರ ಅರ್ಧ ಕೆಲಸ ಮುಗೀತು. 2.9 ಮತ್ತ 3.7 ಕೂಡಿಸ್ರಿ, 6.6. ಎರಡು ಸೆಲ್ 3.3, 3.3 ಇದ್ರೂ 6.6. ಚಾರ್ಜರ್ ಹಚ್ಚದೆ ಸುಮ್ನ ನಿಂತ ಎಲ್‌ಎಫ್‌ಪಿ ಸೆಲ್ 3.7 ಇರ್ಲಾಕ ಸಾಧ್ಯನೇ ಇಲ್ಲ. ಏಳು ಎಂಟರ ನಡುವಿನ ಸೆನ್ಸ್ ವಾಯರ್ ಎರಡಕ್ಕೂ ಸೇರಿದ್ದು, ಏಳನೇದಕ್ಕ ಪ್ಲಸ್, ಎಂಟನೇದಕ್ಕ ಮೈನಸ್. ಆ ವಾಯರ್ ಸಡಿಲ ಆದ್ರ ಒಂದು ಎಷ್ಟು ಕಡಿಮಿ ತೋರಸ್ತದೋ ಪಕ್ಕದ್ದು ಅಷ್ಟೇ ಜಾಸ್ತಿ ತೋರಸ್ತದ, ಮೊತ್ತ ಬದಲಾಗಂಗಿಲ್ಲ. ಸೆಲ್ಲೇ ಕೆಟ್ಟಿದ್ರ ಮೊತ್ತನೂ ಇಳೀಬೇಕಾಗಿತ್ತು. ಮೊದಲ ಸೆಲ್ಲಿನ ಮೈನಸ್ ವಾಯರ್, ಕೊನಿ ಸೆಲ್ಲಿನ ಪ್ಲಸ್ ವಾಯರ್ ಇವಕ್ಕ ಮಾತ್ರ ಈ ಲೆಕ್ಕ ಹತ್ತಂಗಿಲ್ಲ, ಅಲ್ಲಿ ಪಕ್ಕದ್ದು ಅಂತ ಯಾರೂ ಇಲ್ಲ, ಒಂದೇ ಸೆಲ್ ಸುಳ್ಳು ತೋರಸ್ತದ.

ಬಿಎಂಎಸ್ ಬ್ಯಾಲೆನ್ಸ್ ಮಾಡೋವಾಗೂ, ಅಂದ್ರ ಎಲ್ಲಾ ಸೆಲ್ ಸಮ ಮಾಡೋವಾಗೂ, ಹಿಂಗೇ ಕಾಣಸ್ತದ, ಬ್ಯಾಲೆನ್ಸ್ ಕರೆಂಟ್ ಅದೇ ತೆಳು ವಾಯರಿನಾಗ ಹರೀತದಲ್ಲ. ಬ್ಯಾಲೆನ್ಸ್ ನಿಂತ ಮ್ಯಾಲ ಸರಿ ಆದ್ರ ವಾಯರ್ ಅಥವಾ ಅದರ ಜಾಯಿಂಟ್ ಜರಾ ಕಮಜೋರ್ ಅದ ಅಂತ ತಿಳ್ಕೋರಿ.

ವಾಯರ್ ಎಲ್ಲಿ ಸಡಿಲ ಅದ ಅಂತ ಹುಡುಕ್ಲಾಕ ಮೂರು ಜಾಗದಾಗ ಮೀಟರ್ ಹಚ್ಚಬೇಕು. ಮೊದಲನೇದು ಸೆಲ್ಲಿನ ಟರ್ಮಿನಲ್ ಮ್ಯಾಲೇ, ನಟ್ ಮ್ಯಾಲ ಅಲ್ಲ, ಲಗ್ (ವಾಯರಿನ ತುದಿಯ ಲೋಹದ ಉಂಗುರ) ಮ್ಯಾಲ ಅಲ್ಲ, ಸೆಲ್ಲಿನ ಅಲ್ಯೂಮಿನಿಯಮ್ ಕಾಣೋ ಜಾಗಕ್ಕ ಪ್ರೋಬಿನ ಮೊನಿ ಒತ್ತಿ. ಎರಡನೇದು ಸೆನ್ಸ್ ವಾಯರಿನ ಲಗ್ ಮ್ಯಾಲ. ಮೂರನೇದು ಕನೆಕ್ಟರಿನ ಪಿನ್ ಮ್ಯಾಲ, ಮಾನಿಟರ್ ಹಚ್ಚಿದ್ದಾಗೇ ಹಿಂದಿನಿಂದ ಸೂಜಿ ತೂರಿಸಿ. ನಂಬರ್ ಯಾವ ಎರಡು ಜಾಗದ ನಡುವ ಬದಲಾಯ್ತೋ ದೋಷ ಅಲ್ಲೇ. ಮಾನಿಟರ್ ಬಿಚ್ಚಿ ಅಳೆದ್ರ ಮೋಸ ಹೋಗ್ತೀರಿ, ವಾಯರಿನಾಗ ಕರೆಂಟ್ ಹರೀದಿದ್ರ ಸಡಿಲ ಜಾಯಿಂಟೂ ಪೂರಾ ವೋಲ್ಟೇಜ್ ತೋರಸ್ತದ.

ಅಳಿಯನ ಗಾಡಿಯೊಳಗ ಟರ್ಮಿನಲ್ ಮ್ಯಾಲ 3.30, ಲಗ್ ಮ್ಯಾಲ 3.30, ಪಿನ್ನಿನಾಗ 2.9. ಕನೆಕ್ಟರಿನಿಂದ ಆ ಪಿನ್ ಹೊರಗ ತಗದು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದ್ವಿ. ಪಿನ್ನಿನ ಕಿವಿ ಎರಡೂ ವಾಯರಿನ ರಬ್ಬರ್ ಹಿಡ್ಕೊಂಡು ಕೂತಿದ್ದವು, ಒಳಗಿನ ತಾಮ್ರದ ಎಳಿಯೊಳಗ ಎರಡೋ ಮೂರೋ ಮಾತ್ರ ಪಿನ್ನಿಗೆ ತಾಗಿದ್ದವು, ಉಳಿದವು ರಬ್ಬರಿನ ಒಳಗೇ ಕಪ್ಪಾಗಿದ್ದವು. ವಾಯರ್ ಜಗ್ಗಿದ್ರ ಗಟ್ಟಿ ಅನಸ್ತದ, ಯಾಕಂದ್ರ ರಬ್ಬರ್ ಹಿಡಿದದ. ತಯಾರಾಗಿ ಬರೋ ಅಗ್ಗದ ಕನೆಕ್ಟರ್ ವಾಯರಿನಾಗ ಇದು ಸಾಮಾನ್ಯ. ಹೊಸ ಪಿನ್ ಹಾಕಿ ಕ್ರಿಂಪ್ ಮಾಡಿ (ಇಕ್ಕಳದಾಗ ಒತ್ತಿ ತಾಮ್ರಕ್ಕ ಹಿಡಿಸಿ), ಸ್ವಲ್ಪೇ ಸ್ವಲ್ಪ ಸೋಲ್ಡರ್ ತಾಗಿಸ್ರಿ. ಜಾಸ್ತಿ ಹಾಕಿದ್ರ ವಾಯರ್ ಬಿರುಸಾಗಿ ಗಾಡಿ ಕುಲುಕಾಟಕ್ಕ ಮುರೀತದ.

ಎರಡು ಅಲಾರ್ಮ್ ಬೋರ್ಡ್ ಇದ್ರ ಇನ್ನೊಂದು ಸುಲಭ ಪರೀಕ್ಷಾ ಅದ, ಬೋರ್ಡ್ ಅದಲಿ ಬದಲಿ ಮಾಡ್ರಿ. ಕೆಳಗಿನ 8 ಸೆಲ್ಲಿನ ಕನೆಕ್ಟರ್ ಮ್ಯಾಲಿನ ಬೋರ್ಡಿಗೆ, ಮ್ಯಾಲಿಂದು ಕೆಳಗಿನದಕ್ಕ. ತಪ್ಪು ನಂಬರ್ ಬೋರ್ಡಿನ ಜೋಡಿ ಹೋದ್ರ ಬೋರ್ಡಿನ ದೋಷ, ಅಲ್ಲೇ ಉಳಿದ್ರ ವಾಯರ್ ಅಥವಾ ಸೆಲ್.

ಓಡೋವಾಗ ಮಾತ್ರ ಬೀಳೋ ಸೆಲ್

ಕ್ರಿಂಪ್ ಸರಿ ಮಾಡಿದ ಮ್ಯಾಲೂ ಅಳಿಯನ ಗಾಡಿ ಬ್ರಿಡ್ಜ್ ಮ್ಯಾಲ ನಿಂತೇ ನಿಲ್ತಿತ್ತು. ನಿಂತಾಗ ಎಲ್ಲಾ ಸೆಲ್ 3.3, ಎಕ್ಸಲೇಟರ್ ಕೊಟ್ಟ ಕೂಡ್ಲೇ ಹನ್ನೆರಡನೇದು ಧಡಕ್ ಅಂತ ಕೆಳಗ, ಬಿಟ್ಟ ಕೂಡ್ಲೇ ಮ್ಯಾಲ. ಇಂಥದ್ದಕ್ಕ ಎರಡು ಕಾರಣ ಇರ್ಲಾಕ ಸಾಧ್ಯ, ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗಿರಬೇಕು, ಇಲ್ಲಾ ಬಸ್‌ಬಾರ್ (ಸೆಲ್ಲಿಂದ ಸೆಲ್ಲಿಗೆ ಜೋಡಿಸೋ ಲೋಹದ ಪಟ್ಟಿ) ನಟ್ ಸಡಿಲ ಇರಬೇಕು. ಮಾನಿಟರಿಗೆ ಎರಡೂ ಒಂದೇ, ಯಾಕಂದ್ರ ಎರಡು ಸೆನ್ಸ್ ವಾಯರಿನ ನಡುವ ಸೆಲ್ ಜೋಡಿ ಒಂದು ಬಸ್‌ಬಾರೂ ಬರ್ತದ.

ಲೆಕ್ಕ ನೋಡ್ರಿ. ನಟ್ ಹತ್ರ 5 ಮಿಲಿಓಮ್ ರೆಸಿಸ್ಟೆನ್ಸ್ ಹುಟ್ಟಿದ್ರ 60 ಆಂಪಿಯರಿಗೆ 0.3 ವೋಲ್ಟ್ ಅಲ್ಲೇ ಹೋಗ್ತದ. ಅಷ್ಟೇ ಅಲ್ಲ, 18 ವಾಟ್ ಶಾಖ ಆ ಒಂದು ನಟ್ಟಿನಾಗ, ಅಂದ್ರ ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಹಂಗಾಗಿ ಗಾಡಿ ಜೋರಾಗಿ ಓಡಿಸಿ ಬಂದ ಕೂಡ್ಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ರ ನಟ್‌ಗಳ ಮ್ಯಾಲ ಹಾಯಿಸ್ರಿ, ಒಂದೇ ನಟ್ ಬಿಸಿ ಅಂದ್ರ ಅದೇ. ಬರಿಗೈಲೆ ಮುಟ್ಟಿ ನೋಡೋದು ಬ್ಯಾಡ.

ಥರ್ಮಾಮೀಟರ್ ಇಲ್ಲದೋರಿಗೆ ಇನ್ನೂ ಚೊಲೊ ಹಾದಿ ಅದ, ಅದಕ ಗಾಡಿ ಓಡಸೋದೂ ಬೇಕಿಲ್ಲ. ಚಾರ್ಜರ್ ಹಚ್ರಿ. 10 ಆಂಪಿಯರ್ ಚಾರ್ಜರ್ ಅಂದ್ರ ಪ್ಯಾಕಿನ ಎಲ್ಲಾ ಜಾಯಿಂಟಿನಾಗ 10 ಆಂಪಿಯರ್ ಹರೀತದ, ಗಾಡಿ ಸ್ಟ್ಯಾಂಡ್ ಮ್ಯಾಲ ಶಾಂತ ನಿಂತಿರ್ತದ, ನೀವು ನಿಧಾನಕ ಅಳೀಬಹುದು. ಮೀಟರ್ ಮಿಲಿವೋಲ್ಟ್ ರೇಂಜಿಗೆ ಇಟ್ಟು ಒಂದು ಪ್ರೋಬ್ ಈ ಸೆಲ್ಲಿನ ಪ್ಲಸ್ ಟರ್ಮಿನಲ್ ಮ್ಯಾಲ, ಇನ್ನೊಂದು ಮುಂದಿನ ಸೆಲ್ಲಿನ ಮೈನಸ್ ಟರ್ಮಿನಲ್ ಮ್ಯಾಲ, ಅಂದ್ರ ಬಸ್‌ಬಾರಿನ ಎರಡು ತುದಿ. ಒಂದು ಮಿಲಿಓಮಿಗೆ 10 ಮಿಲಿವೋಲ್ಟ್ ಲೆಕ್ಕ. 15 ಬಸ್‌ಬಾರೂ ಅಳದು ಬರಕೋರಿ. ಚೊಲೊ ಜಾಯಿಂಟ್ ಒಂದೆರಡು ಮಿಲಿವೋಲ್ಟ್ ತೋರಸ್ತದ, ಸಡಿಲ ಇರೋದು ಮೂವತ್ತೋ ಐವತ್ತೋ ತೋರಿಸಿ ತಾನೇ ಸಿಕ್ಕಿಬೀಳ್ತದ. ಚಾರ್ಜಿಂಗಿನಾಗ ಆ ಸೆಲ್ ಮಾನಿಟರಿನಾಗ ಉಳಿದವುಗಳಿಗಿಂತ ಜಾಸ್ತಿ ಕಾಣಸ್ತದ, ಓಡೋವಾಗ ಕಡಿಮಿ. ಕರೆಂಟಿನ ದಿಕ್ಕು ಬದಲಾದ್ರ ಸುಳ್ಳಿನ ದಿಕ್ಕೂ ಬದಲಾಗ್ತದ.

ನಟ್ ಬಿಚ್ಚಿದ್ರ ಬಸ್‌ಬಾರಿನ ಕೆಳಗ ನೋಡ್ರಿ. ನಾವು ಬಿಚ್ಚಿದ್ದರೊಳಗ ತೂತಿನ ಸುತ್ತ ನೀಲಿ ಕಂದು ಉಂಗುರ ಬಂದಿತ್ತು, ಮತ್ತ ಸೆಲ್ಲಿಗೂ ಬಸ್‌ಬಾರಿಗೂ ನಡುವ ಯಾರೋ ಸ್ಟೀಲ್ ವಾಷರ್ ಹಾಕಿದ್ರು. ವಾಷರ್ ಯಾವತ್ತೂ ನಡುವ ಬರಬಾರದು. ಸೆಲ್ ಟರ್ಮಿನಲ್, ಅದರ ಮ್ಯಾಲ ನೇರ ಬಸ್‌ಬಾರ್, ಅದರ ಮ್ಯಾಲ ಸೆನ್ಸ್ ಲಗ್, ಆಮ್ಯಾಲ ವಾಷರ್, ನಟ್. ಅಲ್ಯೂಮಿನಿಯಮ್ ಮ್ಯಾಲ ಗಾಳಿಗೇ ಆಕ್ಸೈಡ್ ಪದರ ಕೂಡ್ತದ, ನಯ ಮರಳು ಕಾಗದಲೆ ಹಗೂರಕ ತಿಕ್ಕಿ, ಪುಡಿ ಒರಸಿ ಕೂಡ್ಲೇ ಜೋಡಿಸ್ರಿ. ಟೈಟ್ ಮಾಡೋದು ಸೆಲ್ ತಯಾರಿಸಿದೋರು ಹೇಳಿದಷ್ಟೇ, ಟಾರ್ಕ್ ರೆಂಚ್ ಯಾವುದಾದ್ರೂ ಗ್ಯಾರೇಜಿನಾಗ ಕೇಳಿ ತರ್ರಿ. ಜೋರು ಹಾಕಿ ತಿರುವಿದ್ರ ಅಲ್ಯೂಮಿನಿಯಮಿನ ಥ್ರೆಡ್ ಕಿತ್ತು ಕೈಗೆ ಬರ್ತದ, ಆ ಸೆಲ್ ಅಲ್ಲಿಗೆ ಮುಗೀತು.

ಎಲ್ಲಾ ಜಾಯಿಂಟ್ ಸರಿ ಇದ್ದೂ ಸೆಲ್ ಟರ್ಮಿನಲ್ ಮ್ಯಾಲೇ ವೋಲ್ಟೇಜ್ ಕುಸೀತದ ಅಂದ್ರ ಆಗ ಸೆಲ್ ಮ್ಯಾಲ ಅನುಮಾನ ಮಾಡ್ರಿ. ಅದರ ನಡತಿನೂ ಬ್ಯಾರೆ. ಸಡಿಲ ನಟ್ಟಿನ ವೋಲ್ಟೇಜ್ ಕರೆಂಟಿನ ಜೋಡಿ ತಟ್ಟನೆ ಇಳಿದು ತಟ್ಟನೆ ಏರ್ತದ, ಕಮಜೋರ್ ಸೆಲ್ ಲೋಡ್ ಇರೋತನಕ ಇಳಕೋತ ಹೋಗ್ತದ, ಲೋಡ್ ತಗದ ಮ್ಯಾಲೂ ನಿಧಾನಕ ಏರ್ತದ.

ಆರ್ಡುಯಿನೊ ಹೇಳೋ ಸುಳ್ಳು

ಡಿವೈಡರ್ ಹಾಕಿ ಮಾಡಿದ ಮಾನಿಟರಿನಾಗ ಮ್ಯಾಲಿನ ಸೆಲ್‌ಗಳ ನಂಬರ್ ಕುಣೀತಾವ, ಕೆಳಗಿನವು ಶಾಂತ ಇರ್ತಾವ. ಹದಿನಾರನೇ ಸೆಲ್ ಅಂತ ಅದು ಸೀದಾ ಅಳಿಯಂಗಿಲ್ಲ, ಕೆಳಗಿನಿಂದ, ಅಂದ್ರ ಪ್ಯಾಕಿನ ಮೈನಸಿನಿಂದ, ಹದಿನಾರರ ತನಕ 52.8 ಅಳೀತದ, ಹದಿನೈದರ ತನಕ 49.5 ಅಳೀತದ, ಕಳೀತದ. ನ್ಯಾನೊದೊಳಗ ವೋಲ್ಟೇಜನ್ನ ನಂಬರ್ ಮಾಡೋ ಎಡಿಸಿ 10 ಬಿಟ್, 5 ವೋಲ್ಟ್ 1024 ಹೆಜ್ಜಿ, ಒಂದು ಹೆಜ್ಜಿ ಸುಮಾರು 4.9 ಮಿಲಿವೋಲ್ಟ್. 58.4 ವೋಲ್ಟ್ 5ರ ಒಳಗ ತರ್ಲಾಕ 12ರಿಂದ ಭಾಗಿಸಿದ್ರ ಒಂದು ಹೆಜ್ಜಿ ಸುಮಾರು 59 ಮಿಲಿವೋಲ್ಟ್ ಆಯ್ತು. ಒಂದೇ ಹೆಜ್ಜಿ ಆಕಡಿ ಈಕಡಿ ಆದ್ರ ಸೆಲ್ 60 ಮಿಲಿವೋಲ್ಟ್ ಕುಣೀತದ. ಅದರ ಮ್ಯಾಲ ರೆಸಿಸ್ಟರಿನ ತಪ್ಪು. ಡಿವೈಡರ್ ಒಂದು ಪರ್ಸೆಂಟ್ ತಪ್ಪಿದ್ರ 52.8ರಾಗ ಅರ್ಧ ವೋಲ್ಟ್, ಅಂದ್ರ ಚೊಲೊ ಇರೋ 3.3 ಸೆಲ್ 2.8 ಅಂತ ತೋರಸ್ತದ. ಬಡ ಹದಿನಾರನೇ ಸೆಲ್ಲಿನ ತಪ್ಪೇನೂ ಇಲ್ಲ.

ಹಾದಿ ಏನಂದ್ರ ಎಡಿಎಸ್1115 ಅನ್ನೋ ಬ್ಯಾರೆ ಎಡಿಸಿ ಚಿಪ್ ಹಾಕ್ರಿ, 16 ಬಿಟ್, ಒಂದರಾಗ 4 ಚಾನೆಲ್, ಒಂದೇ ಐ2ಸಿ ಲೈನ್ (ನ್ಯಾನೊಕ್ಕ ನಂಬರ್ ಒಯ್ಯೋ ಎರಡು ವಾಯರ್) ಮ್ಯಾಲ 4 ಚಿಪ್ ಕೂಡ್ತಾವ, ಸರಿಯಾಗಿ 16 ಆಯ್ತು. ರೆಸಿಸ್ಟರ್ 0.1 ಪರ್ಸೆಂಟಿನವು ಬೇಕು, ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿಯೊಳಗ ಸಿಗಲಿಲ್ಲಾಂದ್ರ ಹೈದ್ರಾಬಾದಿನ ಕೋಠಿಗೆ ಹೋಗೋರ ಕೈಲೆ ಚೀಟಿ ಕೊಡ್ರಿ, ಇಲ್ಲಾ ಆನ್‌ಲೈನ್. ಒಂದು ಪರ್ಸೆಂಟಿನವೇ ಹಾಕಿದ್ರೂ ನಡೀತದ, ಆದ್ರ ಪ್ರತಿ ಚಾನೆಲ್ ಮಲ್ಟಿಮೀಟರ್ ಜೋಡಿ ಹೋಲಿಸಿ ಅದರದೇ ಗುಣಕ ಪ್ರೋಗ್ರಾಮಿನಾಗ ಬರೀಬೇಕು. ಆಮ್ಯಾಲೂ ಬೆಳಿಗ್ಗಿ ಸರಿ ಇದ್ದದ್ದು ಮಧ್ಯಾಹ್ನ ಬಿಸಲಾಗ ಸರಿದ್ರ ರೆಸಿಸ್ಟರ್ ಬಿಸಿಗೆ ಬದಲಾಗ್ಯಾವ ಅಂತ ಅರ್ಥ. ಒಂದು ಡಿವೈಡರಿನ ಎರಡೂ ರೆಸಿಸ್ಟರ್ ಒಂದೇ ಕಂಪನಿ, ಒಂದೇ ಸರಣಿಯವು ಇದ್ರ ಎರಡೂ ಕೂಡೇ ಸರೀತಾವ, ತಪ್ಪು ಕಡಿಮಿ.

ಎಲ್ಲಾ ಸೆಲ್ ಒಮ್ಮೆಲೆ ಜಾಸ್ತಿ ತೋರಿಸಿದ್ರ ಸೆಲ್ ಕಡಿ ಹೋಗಲೇಬ್ಯಾಡ್ರಿ, ನ್ಯಾನೊದ 5 ವೋಲ್ಟ್ ಅಳೀರಿ. ಅದು 4.7ಕ್ಕ ಇಳಿದು ಪ್ರೋಗ್ರಾಮ್ ಮಾತ್ರ 5 ಅಂತ ತಿಳ್ಕೊಂಡಿದ್ರ 3.30 ಇರೋದು 3.51 ಅಂತ ಬರ್ತದ. ಒಂದು ಸೆಲ್ಲಿನ ನಂಬರ್ ಅದರ ಹಿಂದಿನ ಚಾನೆಲ್ ನೋಡಿ ನಡೀತದ ಅನಸಿದ್ರ ಡಿವೈಡರಿನ ರೆಸಿಸ್ಟರ್ ಭಾಳ ದೊಡ್ಡವು ಆಗ್ಯಾವ, ನ್ಯಾನೊದ ಎಡಿಸಿಗೆ ಅದು ಅಳಿಯೋ ಜಾಗದ ರೆಸಿಸ್ಟೆನ್ಸ್ 10 ಕಿಲೋ ಓಮಿನ ಒಳಗ ಇರಬೇಕು, ಪಿನ್ನಿಗೂ ಗ್ರೌಂಡಿಗೂ ನಡುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರ ಸರಿ ಆಗ್ತದ. ಮೋಟರ್ ಕಂಟ್ರೋಲರ್ ಚಾಲೂ ಆದಾಗ ಎಲ್ಲಾ ನಂಬರ್ ಹುಚ್ಚೆದ್ದು ಮ್ಯಾಲ ಕೆಳಗ ಆದ್ರೂ ಅದೇ ಔಷಧ, ಜೋಡಿಗೆ ಸೆನ್ಸ್ ವಾಯರ್ ಹೆಣೆದು ಮೋಟರಿನ ಫೇಸ್ ವಾಯರಿನಿಂದ ದೂರ ಒಯ್ರಿ.

ಇನ್ನೊಂದು ಮೋಸ ಯಾರೂ ಹೇಳಂಗಿಲ್ಲ. ಮಾನಿಟರ್ ಎಲ್ಲಾ ಸೆಲ್ ಒಂದೇ ಕ್ಷಣಕ್ಕ ಓದಂಗಿಲ್ಲ, ಒಂದಾದ ಮ್ಯಾಲ ಒಂದು ಓದ್ತದ. ಮೊದಲ ಸೆಲ್ ಓದೋವಾಗ ಎಕ್ಸಲೇಟರ್ ಪೂರಾ ಇತ್ತು, ಹದಿನಾರನೇದು ಓದೋವಾಗ ಬಿಟ್ಟಿದ್ರಿ, ಎರಡರ ನಡುವ ಇಲ್ಲದ ಫರಕು ಕಾಣಸ್ತದ. ಸಪಾಟ ರಿಂಗ್ ರೋಡಿನಾಗ ಒಂದೇ ಸ್ಪೀಡಿನಾಗ ಹೋಗೋವಾಗಿನ ನಂಬರ್ ಮಾತ್ರ ಹೋಲಿಸ್ರಿ. ನಂಬರ್ ಹಿಂದ ಕೂತೋರು ಓದಬೇಕು, ಓಡಸೋರಲ್ಲ.

ಪ್ಯಾಕ್ ಚಾರ್ಜಿಗೆ ಇದ್ದಾಗ ಅದೇ ನ್ಯಾನೊಕ್ಕ ಲ್ಯಾಪ್‌ಟಾಪಿನ ಯುಎಸ್‌ಬಿ ಚುಚ್ಚಬ್ಯಾಡ್ರಿ. ಲ್ಯಾಪ್‌ಟಾಪೂ ಪ್ಲಗ್ಗಿನಾಗ ಇದ್ರ ಎರಡರ ಅರ್ಥಿಂಗ್ ಯಾವ ಹಾದಿ ಹಿಡೀತದ ಹೇಳ್ಲಾಕ ಬರಂಗಿಲ್ಲ. ಚಾರ್ಜರ್ ತಗದು, ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ಓಡಿಸಿ ಪ್ರೋಗ್ರಾಮ್ ಹಾಕ್ರಿ.

ನಿಂತ ಗಾಡಿಯೊಳಗ ಕೆಳಗಿನ ಸೆಲ್ ಇಳೀತಾ ಹೋದ್ರ

ಊರಿಗೆ ಹೋಗಿ ತಿಂಗಳು ಬಿಟ್ಟು ಬಂದ್ರ ಮೊದಲನೇ ಎರಡನೇ ಸೆಲ್ ಖಾಲಿ, ಮ್ಯಾಲಿನವು ಹಂಗೇ ಅವ ಅಂದ್ರ ಕಳ್ಳ ಮಾನಿಟರೇ. 16 ಡಿವೈಡರ್ ಪ್ರತಿಯೊಂದು 100 ಕಿಲೋ ಓಮ್ ಇದ್ರ ಮೊದಲ ಸೆಲ್ಲಿನಾಗ ಎಲ್ಲಾ ಡಿವೈಡರಿನ ಕರೆಂಟೂ ಹರೀತದ, ಕೂಡಿಸಿದ್ರ ಸುಮಾರು 4.5 ಮಿಲಿಆಂಪಿಯರ್, ತಿಂಗಳಿಗೆ 3.2 ಆಂಪಿಯರ್ ಅವರ್. ಹದಿನಾರನೇ ಸೆಲ್ಲಿನಿಂದ ಅದೇ ತಿಂಗಳಿಗೆ 0.4 ಸೈತ ಹೋಗಂಗಿಲ್ಲ. ನ್ಯಾನೊಕ್ಕ ಕರೆಂಟ್ ಕೆಳಗಿನ 4 ಸೆಲ್ಲಿನಿಂದ ತಗೊಂಡಿದ್ರಂತೂ 20 ಮಿಲಿಆಂಪಿಯರ್ ಲೆಕ್ಕಕ್ಕ ದಿನಕ್ಕ ಅರ್ಧ ಆಂಪಿಯರ್ ಅವರ್ ಹತ್ರ ಆ ನಾಲ್ಕರಿಂದಲೇ ಹೋಗ್ತದ. ಲೈಪೊ ಅಲಾರ್ಮೂ ಸಾಮಾನ್ಯವಾಗಿ ಕೆಳಗಿನ ಸೆಲ್ಲಿನಿಂದಲೇ ಕುಡೀತದ. ಖಾತ್ರಿ ಮಾಡ್ಲಾಕ ಮೀಟರ್ ಮಿಲಿಆಂಪಿಯರ್ ರೇಂಜಿಗೆ ಇಟ್ಟು ಒಂದೊಂದೇ ಸೆನ್ಸ್ ವಾಯರ್ ಬಿಚ್ಚಿ ಅದರ ಹಾದಿಯೊಳಗ ಸಾಲಾಗಿ ಹಾಕಿ ನೋಡ್ರಿ, ಎರಡು ವಾಯರಿಗೆ ಅಡ್ಡ ಹಚ್ಚಬ್ಯಾಡ್ರಿ. ವೋಲ್ಟೇಜ್ ನೋಡಿ ಗೊತ್ತಾಗಂಗಿಲ್ಲ, ಎಲ್‌ಎಫ್‌ಪಿ 20ರಿಂದ 80 ಪರ್ಸೆಂಟ್ ತನಕ ಹೆಚ್ಚು ಕಡಿಮಿ 3.2, 3.3ರಾಗೇ ಕೂತಿರ್ತದ.

ನ್ಯಾನೊಕ್ಕ ಕರೆಂಟ್ ಪೂರಾ ಪ್ಯಾಕಿನಿಂದ ಡಿಸಿ ಕನ್ವರ್ಟರ್ ಹಾಕಿ ತಗೋರಿ, ಡಿವೈಡರ್ ಸಾಲಿಗೆ ಬಹು ಪಿನ್ನಿನ ಕನೆಕ್ಟರ್ ಹಾಕಿ ಗಾಡಿ ನಿಲ್ಲಸೋವಾಗ ಕಿತ್ತಿಡ್ರಿ. ಮಳಿಗಾಲದಾಗ ಗಾಡಿ ತೊಳಸಿದ ಮ್ಯಾಲ ನಂಬರ್ ಇಳಿದ್ರ ಬೋರ್ಡಿನ ಮ್ಯಾಲಿನ ಸೋಲ್ಡರ್ ಫ್ಲಕ್ಸಿನ ಜಿಡ್ಡು ನೀರು ಕುಡಿದು ಪಿನ್ನಿಂದ ಪಿನ್ನಿಗೆ ಕರೆಂಟ್ ಸೋರಸ್ಲಾಕತ್ತದ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ಲೆ ತಿಕ್ಕಿ ಒಣಗಿಸಿದ್ರ ಸರಿ.

ಖರೇನೇ ಸೆಲ್ ಹೋಗಿದ್ರ

ಈಗ ಎರಡು ತುದಿ ನೋಡಬೇಕು, ಚಾರ್ಜ್ ಮುಗಿಯೋ ಹೊತ್ತು ಮತ್ತ ಖಾಲಿ ಆಗೋ ಹೊತ್ತು. ನಡುವ 10 ಮಿಲಿವೋಲ್ಟ್ ಫರಕು ನೋಡಿ ತಲಿ ಕೆಡಿಸ್ಕೋಬ್ಯಾಡ್ರಿ. ಒಂದು ಸೆಲ್ ಎಲ್ಲರಿಗಿಂತ ಮೊದಲ ತುಂಬ್ತದ, ಎಲ್ಲರಿಗಿಂತ ಮೊದಲ ಖಾಲಿ ಆಗ್ತದ ಅಂದ್ರ ಅದರ ಕೆಪಾಸಿಟಿ ಇಳಿದದ, ಬ್ಯಾಲೆನ್ಸ್ ಮಾಡಿದ್ರ ಸರಿ ಆಗಂಗಿಲ್ಲ. ಚಾರ್ಜಿನ ಕೊನಿಗೂ ಹಿಂದ, ಖಾಲಿ ಆಗೋದ್ರಾಗ ಮುಂದ ಅಂದ್ರ ಸೆಲ್ ಚೊಲೊ ಅದ, ಬರೇ ಚಾರ್ಜ್ ಕಡಿಮಿ ಅದ. ಬಿಎಂಎಸ್ ಬ್ಯಾಲೆನ್ಸ್ ಮಾಡ್ತದ ಬಿಡು ಅಂತ ಕಾಯಬ್ಯಾಡ್ರಿ, ಅದರ ಬ್ಯಾಲೆನ್ಸ್ ಕರೆಂಟ್ 50 ಮಿಲಿಆಂಪಿಯರ್ ಇದ್ರ 5 ಆಂಪಿಯರ್ ಅವರ್ ಫರಕು ತುಂಬ್ಲಾಕ 100 ತಾಸು. ಐಸೊಲೇಟೆಡ್ ಪವರ್ ಸಪ್ಲೈ (ಅದರ ಔಟ್‌ಪುಟ್ ಮೇನ್ಸಿಗೂ ಅರ್ಥಿಂಗಿಗೂ ತಾಗಿರಂಗಿಲ್ಲ) 3.65ಕ್ಕ ಇಟ್ಟು, ಗಾಡಿ ಚಾರ್ಜರ್ ತಗದು, ಆ ಒಂದು ಸೆಲ್ಲಿಗೆ ಮಾತ್ರ ಹಚ್ಚಿ ಎದುರಿಗೇ ಕೂತು ತುಂಬಿಸ್ರಿ.

ಸೆಲ್ ಉಬ್ಬಿದ್ರ, ವಾಸನಿ ಬಂದ್ರ, ಇಲ್ಲಾ 2 ವೋಲ್ಟಿನ ಕೆಳಗ ದಿನಗಟ್ಟಲೆ ಇದ್ರ ಅದನ್ನ ಮತ್ತ ಚಾರ್ಜ್ ಮಾಡಿ ನೋಡೋ ಉಸಾಬರಿ ಬ್ಯಾಡ. ಗುಜರಿಯೋರ ತಕ್ಕಡಿಗೂ ಹಾಕಬ್ಯಾಡ್ರಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಆದ ಮರುಬಳಕೆದಾರರಿಗೇ ಹೋಗಬೇಕು, ಮಾರಿದ ಅಂಗಡಿಯೋರು ವಾಪಸ್ ತಗೋತಾರೇನು ಕೇಳ್ರಿ. ಬದಲಿ ಸೆಲ್ ಅದೇ ಕಂಪನಿ, ಅದೇ ಮಾದರಿ ಇರಲಿ. ಅದನ್ನ ಸಾಲಿಗೆ ಸೇರಿಸೋ ಮುಂಚೆ ಪ್ಯಾಕ್ ಬ್ಯಾರೆ ಫುಲ್ ಮಾಡ್ರಿ, ಹೊಸ ಸೆಲ್ ಬ್ಯಾರೆ 3.65 ತನಕ ಫುಲ್ ಮಾಡ್ರಿ, ಎರಡೂ ಒಂದು ರಾತ್ರಿ ಬಿಟ್ಟು ಆಮ್ಯಾಲ ಜೋಡಿಸ್ರಿ, ಮತ್ತ ಬಸ್‌ಬಾರ್ ಹಾಕಿದ ಮ್ಯಾಲ ಚಾರ್ಜರ್ ಹಚ್ಚಿ ಆ ಎರಡು ಜಾಯಿಂಟಿನ ಮಿಲಿವೋಲ್ಟ್ ಅಳದು ಮೊದಲ ಬರಕೊಂಡ 15ರ ಪಟ್ಟಿ ಜೋಡಿ ಹೋಲಿಸ್ರಿ.